ಪತ್ರೆ ಬಾರದ ಸೋಮವಾರ

ಮೂವತ್ತು ದಾಟಿದ ಗಂಡಸಿಗೆ ಏನಾದರೊಂದು ಆಸೆ ಅಂತ ಇದ್ದೇ ಇರುತ್ತದೆ. ಕೆಲವರಿಗೆ ಕನಕಪುರ ರಸ್ತೆಯಲ್ಲಿ ಫ್ಲ್ಯಾಟು, ಕೆಲವರಿಗೆ ದೊಡ್ಡ ಕಾರು, ಇನ್ನು ಕೆಲವರಿಗೆ ಉದುರಿಹೋದ ಕೂದಲು. ಬನಶಂಕರಿ ಎರಡನೇ ಹಂತದ ಶಿವಕಿರಣನದು ತೀರಾ ಸಣ್ಣ ಆಸೆ. ಬೆಳಕು ಹರಿದ ಮೇಲೆ ಏಳಬೇಕು. ಅಲಾರಂ ಇಲ್ಲದೆ, ಫೋನ್ ಇಲ್ಲದೆ, ಪಕ್ಕದ ಮನೆಯ ಕುಕ್ಕರ್ ಕೂಗಿದ ಮೇಲೆ ಒಂದು ಕಣ್ಣು ಮಾತ್ರ ಬಿಟ್ಟು, ಮಗ್ಗುಲು ಬದಲಿಸಿ, ಇನ್ನೊಂದು ಸ್ವಲ್ಪ ಹೊತ್ತು ಅಂದುಕೊಂಡು ಮತ್ತೆ ಹೊದ್ದುಕೊಳ್ಳಬೇಕು. ಇದಕ್ಕಿಂತ ಹೆಚ್ಚಿನದನ್ನು ಅವನು ದೇವರ ಹತ್ತಿರ ಕೇಳಿದವನಲ್ಲ. ಕೇಳುವಷ್ಟು ಎಚ್ಚರವೂ ಅವನಿಗೆ ಇರುತ್ತಿರಲಿಲ್ಲ.

ಈ ಆಸೆಗೆ ಅಡ್ಡ ಕೂತಿದ್ದದ್ದು ಒಂದು ಕಂಪ್ಯೂಟರು. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಮಹಡಿಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಪೊರಕೆ ಮತ್ತು ಕೆಟ್ಟುಹೋದ ಯುಪಿಎಸ್ ಬ್ಯಾಟರಿಗಳ ನಡುವೆ ಅದರ ವಾಸ. ‘ಪತ್ರಪುಷ್ಪ ಡೈಲಿ’ ಎಂಬ ಪುಟ್ಟ ಕಂಪನಿಯ ಇಡೀ ವ್ಯವಹಾರ ಅದರ ಹೊಟ್ಟೆಯೊಳಗಿತ್ತು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟಿನ ಮನೆಗಳಿಗೆ ಪ್ರತಿದಿನ ಪೂಜೆಯ ಹೂವು ತಲುಪಿಸುವುದು ಕಂಪನಿಯ ಕೆಲಸ. ಮನೆಯವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಗಿಲಿಗೆ ಪೊಟ್ಟಣ ತೂಗುತ್ತಿರಬೇಕು. ಸೋಮವಾರ ಬಿಲ್ವಪತ್ರೆ, ಗುರುವಾರ ಹಳದಿ ಸೇವಂತಿಗೆ, ಶುಕ್ರವಾರ ಮಲ್ಲಿಗೆ, ಶನಿವಾರ ತುಳಸಿ, ಭಾನುವಾರ ಕೆಂಪು ಕಣಗಿಲೆ. ಇವತ್ತು ಯಾವ ವಾರ, ಯಾವ ಮನೆಗೆ ಏನು ಎಂದು ನೋಡಿ ಸ್ಟಿಕ್ಕರ್ ಮಾಡಿಕೊಡುವುದು ಆ ಕಂಪ್ಯೂಟರಿನ ಕೆಲಸ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕೆಳಗಿನ ಶೆಡ್ಡಿನಲ್ಲಿ ಹೆಂಗಸರು ಬಂದು ಅಲ್ಲಿನ ಲ್ಯಾಪ್‌ಟಾಪಿನಿಂದ ಆ ಸ್ಟಿಕ್ಕರುಗಳನ್ನು ಪ್ರಿಂಟ್ ತೆಗೆದು, ನೋಡಿ ನೋಡಿ ಪೊಟ್ಟಣ ಕಟ್ಟುತ್ತಿದ್ದರು.

ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಗಿ ಬರುವುದು ಸಾರಕ್ಕಿಯ ಪದ್ಧತಿ. ಕರೆಂಟು ಹೋಗಿ ಬಂದರೆ ಮೂರ್ಛೆ ಹೋಗುವುದು ಆ ಕಂಪ್ಯೂಟರಿನ ಪದ್ಧತಿ.

ಆಗ ಶಿವಕಿರಣನ ತಲೆದಿಂಬಿನ ಕೆಳಗೆ ಫೋನು ನಡುಗುತ್ತಿತ್ತು.

“ಕಿರಣಪ್ಪಾ, ನಿನ್ ಪೆಟ್ಗೆ ಮತ್ತೆ ಮಕ್ಕಂಡೈತೆ ಕಣಪ್ಪ.”

“ಬಟನ್ ಒತ್ತಿ ನೋಡಿದ್ರಾ ಅಮ್ಮ?”

“ಒತ್ದೆ. ಲೈಟ್ ಬಂತು, ಫ್ಯಾನ್ ತಿರುಗ್ತು, ಕೆಲ್ಸ ಮಾತ್ರ ಮಾಡ್ತಿಲ್ಲ. ಥೇಟ್ ನಮ್ ಯಜಮಾನ್ರ ಥರಾನೇ. ಎದ್ದು ಬಾ.”

ಹೀಗೆ ಕರೆಯುತ್ತಿದ್ದವರು ನಾರಾಯಣಮ್ಮ. ಶೆಡ್ಡಿನ ಹೆಂಗಸರ ಮುಖಂಡರು ಅವರೇ, ಆ ಕಟ್ಟಡದ ಮಾಲೀಕರೂ ಅವರೇ. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯವರ ಹೂದೋಟ ಅಲ್ಲೇ ಇತ್ತಂತೆ. ತೋಟ ಹೋಗಿ ಮೂರಂತಸ್ತಿನ ಕಟ್ಟಡ ಬಂತು, ಬಾಡಿಗೆ ಬಂತು, ಬೆಳಗ್ಗೆ ಎದ್ದು ಹೂ ಮುಟ್ಟುವ ಚಟ ಮಾತ್ರ ಹೋಗಲಿಲ್ಲ. ಗಂಡ ಚಿಕ್ಕಬೈರಪ್ಪ “ಬಾಡಿಗೆದಾರನ ಹತ್ರ ಕೂಲಿಗೆ ಹೋಗ್ತೀಯಲ್ಲೇ” ಎಂದು ರೇಗಿಸಿದರೆ, “ನಿನ್ ಗೊರಕೆ ಕೇಳೋದಕ್ಕಿಂತ ವಾಸಿ” ಎಂದು ಇಳಿದು ಬರುತ್ತಿದ್ದರು.

ಶಿವಕಿರಣ ಸ್ವೆಟರ್ ಏರಿಸಿ, ಹೆಲ್ಮೆಟ್ಟಿನೊಳಗೇ ಆಕಳಿಸುತ್ತ, ಸ್ಕೂಟರಿನಲ್ಲಿ ಬರುತ್ತಿದ್ದ. ಬನಶಂಕರಿ ದೇವಸ್ಥಾನದ ಮುಂದೆ ನಿಂಬೆಹಣ್ಣಿನವರು ಇನ್ನೂ ಗೋಣಿ ಹಾಸುತ್ತಿರುತ್ತಿದ್ದರು. ಸಾರಕ್ಕಿ ಸಿಗ್ನಲ್ಲಿನಲ್ಲಿ ತರಕಾರಿ ಲಾರಿಗಳು ಆಗಲೇ ಅಡ್ಡಾದಿಡ್ಡಿ ನಿಂತಿರುತ್ತಿದ್ದವು. ಬಂದು, ಬಟನ್ ಒತ್ತಿ ಹಿಡಿದು, ಪಾಸ್‌ವರ್ಡ್ ಹೊಡೆದು, ಒಂದರ ಹಿಂದೆ ಒಂದರಂತೆ ಪ್ರೋಗ್ರಾಂಗಳನ್ನು ಎಬ್ಬಿಸಿ, ಯಾರೋ ಕೊಟ್ಟ ಟೀ ಕುಡಿದು, ಮನೆಗೆ ಹೋಗಿ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ನಿದ್ದೆ ಬರುವ ಹೊತ್ತಿಗೆ ಆಫೀಸಿಗೆ ಹೊರಡಬೇಕಾಗುತ್ತಿತ್ತು. ಆಫೀಸು ಅದೇ ಕಟ್ಟಡದ ಮೊದಲ ಮಹಡಿಯಲ್ಲಿತ್ತು.

ವಿಸಿಟಿಂಗ್ ಕಾರ್ಡಿನಲ್ಲಿ ಅವನು ‘ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥ’. ಆ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ತಪ್ಪು ಮಾಡುವವನೂ ಅವನೇ, ಬೈಯುವವನೂ ಅವನೇ, ಬೈಸಿಕೊಂಡು ಮುಖ ಊದಿಸಿಕೊಳ್ಳುವವನೂ ಅವನೇ. ಆರು ವರ್ಷದಲ್ಲಿ ಅವನ ಕಣ್ಣಿನ ಕೆಳಗೆ ಎರಡು ಚೀಲ ಬೆಳೆದಿದ್ದವು. ತಾಯಿ ಮೀನಾಕ್ಷಮ್ಮ ಹೆಣ್ಣಿನ ಕಡೆಯವರಿಗೆ ತೋರಿಸಲು ಇನ್ನೂ ಹಳೇ ಫೋಟೋವನ್ನೇ ಇಟ್ಟುಕೊಂಡಿದ್ದರು.

ಆಷಾಢದ ಕೊನೆಯ ವಾರದಲ್ಲಿ ಅವನು ಧೈರ್ಯ ಮಾಡಿ ಕಂಪನಿಯ ಮಾಲೀಕ ಕೈಲಾಸನ ಮುಂದೆ ಕೂತ. ಕೈಲಾಸ್ ಗೊಟ್ಟಿಗೆರೆಯಿಂದ ಬರುವವನು. ಅವನ ಫೋನು ರಾತ್ರಿ ಹತ್ತಕ್ಕೆ ಸ್ವಿಚ್ ಆಫ್ ಆದರೆ ಬೆಳಗ್ಗೆ ಎಂಟಕ್ಕೇ ಆನ್ ಆಗುವುದು. ಅದನ್ನವನು ಶಿಸ್ತು ಎಂದು ಕರೆಯುತ್ತಿದ್ದ.

“ಆ ಮಷಿನ್ ಶ್ರಾವಣ ತಡೆಯಲ್ಲ ಕೈಲಾಸ್. ಕ್ಲೌಡ್ ಪ್ಲಾಟ್‌ಫಾರಂಗೆ ಹಾಕ್ಬಿಡೋಣ. ಕಂಟೈನರ್ ಮಾಡಿ.”

“ಕಂಟೈನರ್ ಅಂದ್ರೆ ಹಡಗಲ್ಲಿ ಬರುತ್ತಲ್ಲ, ಅದಾ?”

“ಹೆಸರು ಅಲ್ಲಿಂದಾನೇ ಬಂದಿದ್ದು. ನೀವು ಬ್ಯಾಚುಲರ್ ಆಗಿದ್ದಾಗ ಬಿಟಿಎಂ ಪಿಜಿಗೆ ಬಂದ್ರಲ್ಲ, ಏನ್ ತಂದಿದ್ರಿ?”

“ಒಂದು ಸೂಟ್‌ಕೇಸು ಗುರು. ತಟ್ಟೆ, ಲೋಟ, ಬೆಡ್‌ಶೀಟು, ಸೊಳ್ಳೆಬತ್ತಿ, ಅಮ್ಮನ ಉಪ್ಪಿನಕಾಯಿ.”

“ಓನರ್ ಹತ್ರ ಏನ್ ಕೇಳಿದ್ರಿ?”

“ಮಂಚ, ನೀರು, ಕರೆಂಟು. ವೈಫೈ ಕೊಡ್ತೀನಿ ಅಂದ, ಕೊಡ್ಲಿಲ್ಲ ನನ್ಮಗ.”

“ಅಷ್ಟೇ. ಕಂಟೈನರ್ ಅಂದ್ರೆ ಆ ಸೂಟ್‌ಕೇಸು. ನಮ್ಮ ಪ್ರೋಗ್ರಾಂಗೆ ಬದುಕೋಕೆ ಏನೇನು ಬೇಕೋ ಎಲ್ಲ ಒಂದೇ ಕಡೆ ತುಂಬಿ ಬೀಗ ಹಾಕೋದು. ಎಲ್ಲಿಗೆ ಎತ್ಕೊಂಡು ಹೋದ್ರೂ ತೆಗೆದ್ರೆ ಅದೇ ತಟ್ಟೆ, ಅದೇ ಉಪ್ಪಿನಕಾಯಿ. ಪ್ಲಾಟ್‌ಫಾರಂ ಅಂದ್ರೆ ಪಿಜಿ ಓನರ್. ಒಳಗೇನಿದೆ ಅಂತ ಕೇಳಲ್ಲ. ಜಾಗ ಕೊಡ್ತಾನೆ, ಕರೆಂಟ್ ನೋಡ್ಕೋತಾನೆ. ಒಬ್ಬ ಹುಡುಗ ಮೂರ್ಛೆ ಹೋದ್ರೆ ಅಂಥದ್ದೇ ಸೂಟ್‌ಕೇಸ್ ಇರೋ ಇನ್ನೊಬ್ಬನನ್ನ ಕ್ಷಣದಲ್ಲಿ ಅದೇ ರೂಮಿಗೆ ಹಾಕ್ತಾನೆ. ಜನ ಜಾಸ್ತಿ ಬಂದ್ರೆ ಇನ್ನೆರಡು ರೂಮು ತೆಗೀತಾನೆ.”

“ಎಬ್ಸೋಕೆ ಯಾರೂ ಸ್ಕೂಟರ್ ಹತ್ಕೊಂಡು ಹೋಗ್ಬೇಕಾಗಿಲ್ಲ.”

“ಯಾರೂ ಹೋಗ್ಬೇಕಾಗಿಲ್ಲ” ಎಂದ ಶಿವಕಿರಣ. ಹೇಳುವಾಗ ಅವನ ಧ್ವನಿ ಸ್ವಲ್ಪ ಒದ್ದೆಯಾಯಿತು. ಕೈಲಾಸ್ ಅದನ್ನು ನೆಗಡಿ ಎಂದುಕೊಂಡ.

ಒಪ್ಪಂದ ಹೀಗಾಯಿತು. ಶ್ರಾವಣದ ಮೊದಲ ಸೋಮವಾರ ವರ್ಷದಲ್ಲೇ ಹೆಚ್ಚು ಪತ್ರೆ ಹೋಗುವ ದಿನ. ಹೊಸ ವ್ಯವಸ್ಥೆ ಆ ಒಂದು ದಿನವನ್ನು ತೊಂದರೆಯಿಲ್ಲದೆ ದಾಟಿಸಿದರೆ ಶಿವಕಿರಣನಿಗೆ ಬೆಳಗಿನ ಜಾವದ ಡ್ಯೂಟಿಯಿಂದ ಖಾಯಂ ಮುಕ್ತಿ. “ಆಮೇಲೆ ನಿನ್ ನಿದ್ದೆ ನಿಂದು ಮಗಾ, ನಾನು ಕೇಳಲ್ಲ” ಎಂದ ಕೈಲಾಸ್.

ಶಿವಕಿರಣ ಸೂಟ್‌ಕೇಸ್ ತುಂಬಲು ಕೂತ. ಕಂಟೈನರ್ ಕಟ್ಟುವುದೆಂದರೆ ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆಯುತ್ತ ಹೋಗುವುದು: ಇದನ್ನು ಹಾಕು, ಅದನ್ನು ಹಾಕು, ಕೊನೆಗೆ ಹೀಗೆ ಶುರುಮಾಡು. ಕಷ್ಟ ಬರೆಯುವುದರಲ್ಲಿಲ್ಲ, ಹಳೆಯ ಮಷಿನ್ನಿನಲ್ಲಿ ಆರು ವರ್ಷದಿಂದ ಏನೇನು ಸೇರಿಕೊಂಡಿದೆ ಎಂದು ನೆನಪಿಸಿಕೊಳ್ಳುವುದರಲ್ಲಿ. ಮನೆ ಖಾಲಿ ಮಾಡುವವರಂತೆ ಅವನು ಮೂಲೆಮೂಲೆ ಹುಡುಕಿದ. ಯಾವ ಕಾಲದಲ್ಲೋ ಹಾಕಿದ ಲೈಬ್ರರಿಗಳೆಂಬ ಸಿದ್ಧ ಪ್ರೋಗ್ರಾಂ ತುಣುಕುಗಳು, ಸ್ಟಿಕ್ಕರಿನ ಅಳತೆ, ಕನ್ನಡದ ಫಾಂಟು. ಫಾಂಟು ನೆನಪಾದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಅದಿಲ್ಲದಿದ್ದರೆ ‘ಬಿಲ್ವಪತ್ರೆ’ ಎಂದಿರಬೇಕಾದ ಕಡೆ ಸಾಲಾಗಿ ಖಾಲಿ ಚೌಕಗಳು ಬರುತ್ತಿದ್ದವು. ಇಂಥದ್ದನ್ನೆಲ್ಲ ಮರೆಯುವ ಮೂರ್ಖರು ಎಷ್ಟು ಜನರಿದ್ದಾರೋ ಎಂದು ಅವನಿಗೆ ಕನಿಕರವಾಯಿತು.

ಪರೀಕ್ಷೆಯನ್ನೂ ಚೆನ್ನಾಗಿಯೇ ಮಾಡಿದ. ಬೆಳಗ್ಗೆ ಆಫೀಸಿಗೆ ಬಂದ ಕೂಡಲೇ ಒಂದು ಸಲ, ಊಟದ ನಂತರ ಒಂದು ಸಲ, ಸಂಜೆ ಹೊರಡುವ ಮುಂಚೆ ಒಂದು ಸಲ. ಗುರುವಾರ ಸೇವಂತಿಗೆ ಬಂತು, ಶುಕ್ರವಾರ ಮಲ್ಲಿಗೆ ಬಂತು, ಶನಿವಾರ ತುಳಸಿ ಬಂತು. ಬೇಕೆಂದೇ ಕಂಟೈನರನ್ನು ಸಾಯಿಸಿ ನೋಡಿದ. ಟೀ ಲೋಟ ಎತ್ತುವಷ್ಟರಲ್ಲಿ ಪ್ಲಾಟ್‌ಫಾರಂ ಇನ್ನೊಂದನ್ನು ಎಬ್ಬಿಸಿ ನಿಲ್ಲಿಸಿತ್ತು. ತನಗಿಲ್ಲದ ಭಾಗ್ಯ ಆ ಕಂಟೈನರಿಗಿದೆಯಲ್ಲ, ಬಿದ್ದರೆ ಎತ್ತುವವರಿದ್ದಾರೆ ಎಂದು ಅವನಿಗೆ ಸಣ್ಣ ಹೊಟ್ಟೆಕಿಚ್ಚೂ ಆಯಿತು.

ಭಾನುವಾರ ಮಧ್ಯಾಹ್ನ ಹಳೆಯ ಮಷಿನ್ನಿನ ವೈರು ಕಿತ್ತ. ನಾರಾಯಣಮ್ಮ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

“ಇನ್ಮೇಲೆ ಇದರ ಕೆಲ್ಸ ಯಾರು ಮಾಡ್ತಾರೆ?”

“ಬಾಡಿಗೆ ಜಾಗದಲ್ಲಿ ಬೇರೆ ಮಷಿನ್ ಇದೆ ಅಮ್ಮ. ದೂರದಲ್ಲಿ. ಅದಕ್ಕೆ ಕರೆಂಟ್ ಹೋಗಲ್ಲ.”

“ಬಾಡಿಗೆ ಎಷ್ಟೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, “ನಮ್ಮ ಜಾಗದಾಗೇ ಇರ್ಬೋದಾಗಿತ್ತು” ಎಂದು ಗೊಣಗಿಕೊಂಡು ಹತ್ತಿಹೋದರು.

ಆ ರಾತ್ರಿ ಶಿವಕಿರಣ ಆರು ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡಿದ. ಫೋನನ್ನು ಸೈಲೆಂಟ್ ಮಾಡಿ, ಅಡುಗೆಮನೆಯಲ್ಲಿ ಅಕ್ಕಿಡಬ್ಬದ ಮೇಲೆ ಇಟ್ಟು, ಬಂದು ಮಲಗಿದ.

“ಏಳೋ. ಏಳೋ ಕಿರಣ.”

ಅವನು ಒಂದು ಕಣ್ಣು ಬಿಟ್ಟ. ಕಿಟಕಿಯಲ್ಲಿ ಬಿಸಿಲಿತ್ತು. ಎಷ್ಟು ಚೆಂದದ ಬಿಸಿಲು! ಆ ಬಿಸಿಲಿಗೆ ಅಡ್ಡವಾಗಿ ಮೀನಾಕ್ಷಮ್ಮ ಮಡಿಸೀರೆಯಲ್ಲಿ ನಿಂತಿದ್ದರು. ಕೈಯಲ್ಲಿ ಪತ್ರಪುಷ್ಪ ಡೈಲಿಯ ಪೊಟ್ಟಣ.

“ಇದೇನೋ ಇದು?”

“ಹೂವಮ್ಮ.”

“ಹೂವು ಅಂತ ನನಗೂ ಕಾಣುತ್ತೆ. ಪತ್ರೆ ಎಲ್ಲಿ? ಶ್ರಾವಣ ಸೋಮವಾರ ಕಣೋ. ನಿನ್ನೆ ಕಳಿಸಿದ್ದ ಕಣಗಿಲೆನೇ ಇವತ್ತೂ ಕಳಿಸಿದ್ದೀರ. ನಾನು ಲಿಂಗಕ್ಕೆ ಏನು ಏರಿಸ್ಲಿ, ನಿನ್ನ ಸಾಫ್ಟ್‌ವೇರಾ?”

ಶಿವಕಿರಣ ಎದ್ದು ಕೂತ. ಅಕ್ಕಿಡಬ್ಬದ ಮೇಲಿಂದ ಫೋನು ತಂದ. ನಾರಾಯಣಮ್ಮನವರ ಮಿಸ್ಡ್ ಕಾಲುಗಳು ಒಂದರ ಕೆಳಗೊಂದು ನಿಂತಿದ್ದವು. ಅದರ ಮೇಲೆ ಗ್ರಾಹಕರ ದೂರುಗಳು. ಜಯನಗರ ನಾಲ್ಕನೇ ಬ್ಲಾಕಿನ ಒಬ್ಬ ಹಿರಿಯರು ಖಾಲಿ ಹರಿವಾಣದ ಫೋಟೋ ಕಳಿಸಿದ್ದರು, ಒಂದು ಮಾತೂ ಬರೆಯದೆ. ಸಿಸ್ಟಂ ತೆರೆದು ನೋಡಿದ. ಸೋಮವಾರ, ಬಿಲ್ವಪತ್ರೆ. ಮನೆಮನೆಯ ಹೆಸರಿನ ಮುಂದೆ ಸ್ಪಷ್ಟವಾಗಿ ಬಿಲ್ವಪತ್ರೆ. ಅವನಿಗೆ ಹೋದ ಜೀವ ಬಂತು.

“ನೋಡಮ್ಮ, ನಮ್ಮ ಕಡೆ ಎಲ್ಲ ಸರಿ ಇದೆ. ಪ್ಯಾಕ್ ಮಾಡೋರು ತಪ್ಪು ಮಾಡಿದ್ದಾರೆ.”

“ನಿಮ್ಮ ಕಡೆ ಯಾವಾಗ ತಪ್ಪಿತ್ತು?” ಎಂದ ಮೀನಾಕ್ಷಮ್ಮ, ಎದುರುಮನೆಯವರ ಕಾಂಪೌಂಡಿನ ಬಿಲ್ವದ ಗಿಡವನ್ನು ನೆನೆದು ಚಪ್ಪಲಿ ಮೆಟ್ಟಿ ಹೊರಟರು.

ಶೆಡ್ಡಿಗೆ ಬಂದರೆ ಮೂಲೆಯಲ್ಲಿ ಬಿಲ್ವಪತ್ರೆಯ ಗೋಣಿಗಳು ಬಾಯಿ ಬಿಚ್ಚದೆ ಕೂತಿದ್ದವು, ಪಕ್ಕದಲ್ಲಿ ಜಾವದಲ್ಲೇ ಮಾರ್ಕೆಟ್ಟಿನಿಂದ ತರಿಸಿದ ಕಣಗಿಲೆಯ ಬುಟ್ಟಿಗಳು ಖಾಲಿಯಾಗಿದ್ದವು. ಹೆಂಗಸರು ಗೋಡೆಗೆ ಒರಗಿದ್ದರು. ಡೆಲಿವರಿಯ ಕೆಂಪರಾಜು ಗೂಡ್ಸ್ ಆಟೋದ ಮೆಟ್ಟಿಲ ಮೇಲೆ ಕೂತು, ಬೈಸಿಕೊಂಡು ಬಂದವನ ಮುಖದಲ್ಲಿ ಬೀಡಿ ಸೇದುತ್ತಿದ್ದ.

“ಸಾರ್, ಮನೆಮನೇಲೂ ಬಾಗ್ಲಲ್ಲಿ ನಿಲ್ಸಿ ಕೇಳ್ತಾವ್ರೆ. ಒಬ್ರು ಅಂಕಲ್ಲು, ನೀನು ಮನುಷ್ಯನೇನಯ್ಯಾ ಅಂತ ಕೇಳ್ಬಿಟ್ರು. ಏನ್ ಹೇಳ್ಲಿ ಸಾರ್?”

ಕೈಲಾಸ್ ಆಗಲೇ ಬಂದಿದ್ದ. ಮಾಲೀಕನಾಗಿ ಕೂಗಾಡಬೇಕು, ಬಾಡಿಗೆದಾರನಾಗಿ ಮೆತ್ತಗಿರಬೇಕು. ಹಾಗಾಗಿ ಗೋಡೆಯ ಕಡೆ ತಿರುಗಿ ಕೂಗಾಡುತ್ತಿದ್ದ.

“ಕಣ್ಣೆದುರಿಗೆ ಗೋಣಿಗಟ್ಲೆ ಪತ್ರೆ ಇದೆ, ಯಾರಿಗೂ ಅನುಮಾನ ಬರಲ್ವಾ?”

“ಬಂತು” ಎಂದರು ನಾರಾಯಣಮ್ಮ. “ಕಿರಣಪ್ಪನಿಗೆ ಫೋನ್ ಮಾಡಿದ್ವಿ, ಎತ್ಲಿಲ್ಲ. ನಿಮಗೆ ಮಾಡಿದ್ವಿ, ಸ್ವಿಚ್ ಆಫು. ಹೋದ ವರ್ಷ ನೀವೇ ಹೇಳಿದ್ರಿ, ಸ್ವಂತ ಬುದ್ಧಿ ಉಪಯೋಗಿಸ್ಬೇಡಿ, ಸ್ಟಿಕ್ಕರ್ ಏನ್ ಹೇಳುತ್ತೋ ಅದೇ ಫೈನಲ್ ಅಂತ. ಸ್ಟಿಕ್ಕರ್ ಭಾನುವಾರ ಅಂತು. ನಾವೂ ಭಾನುವಾರ ಅಂದ್ವಿ.”

ಶಿವಕಿರಣ ವಾಪಸ್ ಬಂದಿದ್ದ ಒಂದು ಪೊಟ್ಟಣ ಎತ್ತಿ ನೋಡಿದ. ನಿಜ, ಭಾನುವಾರ. ಶೆಡ್ಡಿನ ಲ್ಯಾಪ್‌ಟಾಪಿನಿಂದ ಆಗಲೇ ಒಂದು ಸ್ಟಿಕ್ಕರ್ ತೆಗೆದ. ಸೋಮವಾರ ಎಂದು ಬಂತು, ಫಾಂಟು ಸಮೇತ. ಅದನ್ನು ಕೈಲಾಸನ ಕೈಗೆ ಕೊಡುತ್ತ ಅವನು ಆಡಿದ ಮಾತು ಆಮೇಲೆ ಬಹಳ ದಿನ ಅವನ ಕಿವಿಯಲ್ಲಿ ಉಳಿಯಿತು.

“ಸಿಸ್ಟಂ ಸರಿಯಾಗಿದೆ. ನಿನ್ನೆ ತೆಗೆದ ಪ್ರಿಂಟು ಉಳಿದಿತ್ತೇನೋ. ಅದನ್ನೇ ಅಂಟಿಸಿರಬೇಕು.”

“ಹೊಸದಾಗಿ ತೆಗೆದಿದ್ದು ಕಣಪ್ಪ” ಎಂದರು ನಾರಾಯಣಮ್ಮ. ಕೂಗಲಿಲ್ಲ. ಕೈಲಾಸ್ ಆ ಸ್ಟಿಕ್ಕರನ್ನು ಎಲ್ಲರಿಗೂ ತೋರಿಸಿ, ನಾಳೆಯಿಂದ ಹೆಂಗಸರು ಪ್ರಿಂಟ್ ಮುಟ್ಟುವಂತಿಲ್ಲ, ಕೆಂಪರಾಜುವೇ ತೆಗೆದುಕೊಡಬೇಕು ಎಂದು ತೀರ್ಪು ಕೊಟ್ಟ. ನಾರಾಯಣಮ್ಮ ಕೈಯ ಹೂವಿನ ಎಸಳು ಕೊಡವಿ ಎದ್ದರು. “ವಾರ ಯಾವ್ದು ಅಂತ ಗೊತ್ತಾಗದೋಳು ನಾನು” ಎಂದಷ್ಟೇ ಹೇಳಿ ಮಹಡಿ ಹತ್ತಿದರು. ಕೆಂಪರಾಜು ಬೀಡಿ ಎಸೆದು “ನಾನಾ? ನನಗೆ ಇಂಗ್ಲಿಷ್ ಬಟನ್ ಎಲ್ಲ ಬರಲ್ಲ ಸಾರ್” ಎಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಮೇಲೆ ಬರುವಾಗ ಕೈಲಾಸ್ ಶಿವಕಿರಣನ ಹೆಗಲ ಮೇಲೆ ಕೈ ಹಾಕಿದ. “ನಿನ್ನ ಕಡೆಯಿಂದ ತಪ್ಪಿಲ್ಲ ಮಗಾ. ಮಾತು ಮಾತೇ. ನಾಳೆಯಿಂದ ಆರಾಮಾಗಿ ಮಲ್ಕೋ.”

ಕೈಗೆ ಬಂದಿತ್ತು. ಆರು ವರ್ಷದ ಆಸೆ ಹೆಗಲ ಮೇಲೇ ಬಂದು ಕೂತಿತ್ತು. ಹೆಂಗಸರ ಬಾಯಿ ಪೂರ್ತಿ ಮುಚ್ಚಿಸಿಬಿಡಬೇಕು ಎಂಬ ಒಂದೇ ಕಾರಣಕ್ಕೆ ಅವನು ಪ್ಲಾಟ್‌ಫಾರಂನ ದಾಖಲೆ ತೆರೆದ. ಸ್ಟಿಕ್ಕರ್ ಯಾವಾಗ ಪ್ರಿಂಟ್ ಆಯಿತೆಂದು ಅದರಲ್ಲಿರುತ್ತದೆ. ಇತ್ತು. ಭಾನುವಾರ ರಾತ್ರಿ ಹತ್ತೂ ಮುಕ್ಕಾಲು.

ಸಿಕ್ಕಿಬಿದ್ದರು ಎಂದುಕೊಂಡ ಶಿವಕಿರಣ. ಬೆಳಗ್ಗೆ ಬೇಗ ಮುಗಿಸಲು ಹಿಂದಿನ ರಾತ್ರಿಯೇ ಪ್ರಿಂಟ್ ತೆಗೆದಿಟ್ಟಿದ್ದಾರೆ. ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಎರಡನೇ ಮಹಡಿಯ ಅವರ ಮನೆಗೆ ಹತ್ತಿದ. ನಾರಾಯಣಮ್ಮ ಬಾಗಿಲಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು.

“ಅಮ್ಮ, ರಾತ್ರಿ ಹತ್ತೂ ಮುಕ್ಕಾಲಿಗೆ ಪ್ರಿಂಟ್ ಆಗಿದೆ. ಇಲ್ಲೇ ಇದೆ ನೋಡಿ.”

ಅವರು ಲ್ಯಾಪ್‌ಟಾಪನ್ನು ನೋಡಲಿಲ್ಲ, ಅವನನ್ನು ನೋಡಿದರು. “ಆವಾಗ ಶೆಡ್ಡಿಗೆ ಬೀಗ. ಬೀಗದ ಕೈ ನನ್ನ ಸೊಂಟದಾಗೆ. ನಾವು ಪ್ರಿಂಟ್ ತೆಗೆದಿದ್ದು ನಾಲ್ಕೂ ಕಾಲಿಗೆ, ಮಾರ್ಕೆಟ್ ಮಸೀದಿಯಾಗೆ ಇನ್ನೂ ಕೂಗಿರ್ಲಿಲ್ಲ. ನಿನಗೆ ಫೋನ್ ಮಾಡಿದ್ದು ಅದಾದ್ಮೇಲೆ. ನಿನ್ ಫೋನ್‌ನಾಗೂ ಟೈಮ್ ಇರ್ತದಲ್ಲ?”

ಇತ್ತು. ಮೊದಲ ಮಿಸ್ಡ್ ಕಾಲ್, ನಾಲ್ಕೂ ಇಪ್ಪತ್ತು.

ಶಿವಕಿರಣ ಅಲ್ಲೇ ಮೆಟ್ಟಿಲ ಮೇಲೆ ಕೂತ. ನಾಲ್ಕೂ ಕಾಲರಿಂದ ಹತ್ತೂ ಮುಕ್ಕಾಲನ್ನು ಕಳೆದ. ಬೆರಳಿನಲ್ಲಿ ಇನ್ನೊಮ್ಮೆ ಕಳೆದ. ಐದೂವರೆ ಗಂಟೆ. ಬೆಂಗಳೂರಿಗೂ ಗ್ರೀನಿಚ್ಚಿಗೂ ಇರುವ ಅಂತರವನ್ನು ಅವನು ಹೈಸ್ಕೂಲಿನ ಭೂಗೋಳದಲ್ಲಿ ಬಾಯಿಪಾಠ ಮಾಡಿದ್ದ.

ಹಳೆಯ ಮಷಿನ್ನನ್ನು ಕೊಂಡಾಗ ಯಾರೋ ಒಮ್ಮೆ ಅದಕ್ಕೆ ಭಾರತದ ಸಮಯ ಹೇಳಿಕೊಟ್ಟಿದ್ದರು. ಆಮೇಲೆ ಅದು ಹಾಗೇ ಬದುಕಿತು. ಸೂಟ್‌ಕೇಸ್ ತುಂಬುವಾಗ ಶಿವಕಿರಣ ಸಾಮಾನನ್ನೆಲ್ಲ ಹುಡುಕಿದ್ದ. ಆದರೆ ಇದು ಸಾಮಾನಲ್ಲ, ಅಭ್ಯಾಸ. ಅಭ್ಯಾಸ ಯಾವ ಮೂಲೆಯಲ್ಲೂ ಕಣ್ಣಿಗೆ ಬೀಳುವುದಿಲ್ಲ. ಹೇಳದೇ ಹೋದರೆ ಕಂಟೈನರು ಗ್ರೀನಿಚ್ ಸಮಯದಲ್ಲೇ ಬದುಕುತ್ತದೆ. ನಮ್ಮಲ್ಲಿ ಬೆಳಗ್ಗೆ ಐದೂವರೆಯಾಗುವವರೆಗೆ ಅದಕ್ಕೆ ಹಿಂದಿನ ದಿನ. ಅಲ್ಲಿಂದಾಚೆ ಇಡೀ ಹಗಲು, ಇಡೀ ಸಂಜೆ, ಅದರ ವಾರಕ್ಕೂ ನಮ್ಮ ವಾರಕ್ಕೂ ವ್ಯತ್ಯಾಸವೇ ಇಲ್ಲ. ಅವನು ಪರೀಕ್ಷೆ ಮಾಡಿದ್ದು ಹಗಲಿನಲ್ಲಿ. ಅದು ತಪ್ಪುತ್ತಿದ್ದದ್ದು ಅವನು ಮಲಗಬೇಕೆಂದು ಆಸೆಪಟ್ಟ ಹೊತ್ತಿನಲ್ಲಿ ಮಾತ್ರ. ಶೆಡ್ಡಿನ ಹೆಂಗಸರು ಕೆಲಸ ಮಾಡುತ್ತಿದ್ದದ್ದು ಅದೇ ಹೊತ್ತಿನಲ್ಲಿ.

ಸರಿಮಾಡಲು ಒಂದು ಸಾಲು ಸಾಕು. ಯಾವ ಊರಿನ ಸಮಯ ಎಂದು ಹೇಳುವ ಸಾಲು. ಕಂಪ್ಯೂಟರುಗಳು ಸಮಯಕ್ಕೆಂದು ಇಟ್ಟುಕೊಂಡಿರುವ ಊರುಗಳ ಪಟ್ಟಿಯಲ್ಲಿ ಬೆಂಗಳೂರಿಲ್ಲ, ಭಾರತಕ್ಕೆಲ್ಲ ಕೋಲ್ಕತ್ತವೇ. ಬರೆದು, ಕಂಟೈನರನ್ನು ಮತ್ತೆ ಕಟ್ಟಿ ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ನಾಳೆ ಕೆಂಪರಾಜು ಪ್ರಿಂಟ್ ತೆಗೆದರೆ ಮಂಗಳವಾರ ಎಂದೇ ಬರುತ್ತದೆ. ನೋಡಿ, ಗಂಡಸು ತೆಗೆದ ಕೂಡಲೇ ಸರಿಯಾಯಿತು ಎನ್ನುತ್ತಾನೆ ಕೈಲಾಸ್. ನಾರಾಯಣಮ್ಮ ಕೆಳಗೆ ಬರುವುದಿಲ್ಲ. ಶಿವಕಿರಣ ಏಳರವರೆಗೆ ಮಲಗುತ್ತಾನೆ.

“ಯಾಕಪ್ಪ, ತಲೆ ಸುತ್ತುತಾ?” ಎಂದರು ನಾರಾಯಣಮ್ಮ. “ನೀರು ಕೊಡ್ಲಾ?”

ನೀರು ಕುಡಿದ. ಲೋಟ ಕೆಳಗಿಟ್ಟ. ಆಮೇಲೆ ಅವನು ಯೋಚಿಸಿದ್ದು ಧರ್ಮಾಧರ್ಮವನ್ನೇನಲ್ಲ. ಕೆಂಪರಾಜುವಿನ ಕೈಗೆ ಪ್ರಿಂಟರ್ ಕೊಟ್ಟರೆ ದಿನಾ ಪೇಪರ್ ಸಿಕ್ಕಿಹಾಕಿಕೊಳ್ಳುತ್ತದೆ, ದಿನಾ ತನ್ನ ಫೋನೇ ಹೊಡೆದುಕೊಳ್ಳುತ್ತದೆ, ಹೇಗೂ ನಿದ್ದೆಯಿಲ್ಲ ಎಂದು ಲೆಕ್ಕ ಹಾಕಿದ. ಹಾಗಂತ ತನಗೆ ತಾನೇ ಹೇಳಿಕೊಂಡ. ಅಲಸಂದೆಕಾಯಿ ಸಿಪ್ಪೆಯ ನಡುವೆ ಕೂತಿದ್ದ ಆ ಹೆಂಗಸಿನ ಮುಖ ನೋಡಲಾಗಲಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ತಪ್ಪು ನಂದು ಅಮ್ಮ. ಹೊಸ ಮಷಿನ್ ಒಳಗೆ ಇರೋದು ಬೇರೆ ದೇಶದ ಗಡಿಯಾರ. ನಿಮಗೆ ಸೋಮವಾರ ಆದಾಗ ಅದಕ್ಕಿನ್ನೂ ಭಾನುವಾರ. ನಾನು ನೋಡ್ಕೊಳ್ಳಲಿಲ್ಲ.”

ನಾರಾಯಣಮ್ಮ ಒಂದು ಕಾಯಿ ಬಿಡಿಸಿ ಕಾಳು ಪಾತ್ರೆಗೆ ಹಾಕಿದರು. “ನನಗೆ ಹೇಳಿದ್ರೆ ಏನ್ ಬಂತು? ತಪ್ಪು ನಮ್ದು ಅಂತ ನಾನು ಅಂದಿದ್ನಾ? ಆವಯ್ಯನಿಗೆ ಹೇಳು.”

ಕೈಲಾಸ್ ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

“ಎಷ್ಟು ಸಾಲು ತಪ್ಪು?”

“ಒಂದು. ತಪ್ಪಲ್ಲ, ಬರೆದೇ ಇರ್ಲಿಲ್ಲ.”

“ಸುಮ್ನೆ ಬರೆದು ಹಾಕಿದ್ರೆ ಮುಗೀತಿತ್ತಲ್ಲೋ. ನನಗ್ಯಾಕೆ ಹೇಳ್ದೆ?”

“ಗೊತ್ತಿಲ್ಲ. ನಿದ್ದೆ ಸಾಲದು ಅನ್ಸುತ್ತೆ.”

ಕೈಲಾಸ್ ನಿಟ್ಟುಸಿರುಬಿಟ್ಟ. ಮೊದಲು ಎರಡನೇ ಮಹಡಿಗೆ ಹೋಗಿ ಕ್ಷಮೆ ಕೇಳಿ ಬಂದ. ಹೋಗುವಾಗ ಮಾಲೀಕನಂತೆ ಹೋಗಿದ್ದವನು ಬರುವಾಗ ಬಾಡಿಗೆದಾರನಂತೆ ಬಂದ. ಆಮೇಲೆ ಶಿವಕಿರಣನ ಕಡೆ ತಿರುಗಿದ. “ಈಗ ನಿನ್ನ ಆ ಪಿಜಿ ಓನರನ್ನ ನಾನು ನಂಬಲ್ಲ. ಶ್ರಾವಣ ಮುಗಿಯೋವರೆಗೂ ದಿನಾ ಬೆಳಗ್ಗೆ ನಾಲ್ಕಕ್ಕೆ ನೀನೇ ಶೆಡ್ಡಲ್ಲಿ ನಿಂತ್ಕೊಂಡು, ಸ್ಟಿಕ್ಕರ್ ಸರಿ ಬಂತಾ ಅಂತ ನೋಡ್ಬೇಕು. ಡ್ಯೂಟಿ.”

ಹೀಗೆ ಕರೆಂಟು ಹೋದಾಗ ಮಾತ್ರ ಏಳಬೇಕಾಗಿದ್ದವನು ದಿನಾ ಏಳುವವನಾದ. ಮಂಗಳವಾರ ಮಂಗಳವಾರವೆಂದೇ ಬಂತು. ಬುಧವಾರವೂ ತಪ್ಪಲಿಲ್ಲ. ಬುಧವಾರದ ನಸುಕಿನಲ್ಲಿ ಎರಡು ಸಲ ಕರೆಂಟು ಹೋಗಿ ಬಂತು. ಪ್ಲಾಟ್‌ಫಾರಂಗೆ ಅದು ಗೊತ್ತೂ ಆಗಲಿಲ್ಲ. ಶಿವಕಿರಣ ಸ್ವೆಟರಿನಲ್ಲಿ ಕೈ ಕಟ್ಟಿಕೊಂಡು ಪ್ರಿಂಟರ್ ಪಕ್ಕ ನಿಂತಿರುತ್ತಿದ್ದ. ಮೊದಲ ಸ್ಟಿಕ್ಕರ್ ಬಂದ ಮೇಲೆ ಅವನಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಹೆಂಗಸರಿಗೆ ಹೊಸ ಆಟ ಸಿಕ್ಕಿತ್ತು.

“ಸಾರ್, ಇವತ್ತು ಯಾವ ವಾರ ಸಾರ್? ನಮ್ಮ ದೇಶದ್ದು ಹೇಳಿ.”

“ಅಯ್ಯೋ ಕೇಳ್ಬೇಡ ಬಿಡೇ, ಲೆಕ್ಕ ಹಾಕಿ ಹೇಳ್ಬೇಕು ಪಾಪ.”

ಕೆಂಪರಾಜು ಆಟೋ ತಿರುಗಿಸುತ್ತ, “ಸಾರ್, ನನ್ ಸಂಬಳದ ದಿನ ಮಾತ್ರ ಆ ದೇಶದ ಲೆಕ್ಕಕ್ಕೆ ಹಾಕ್ಬೇಡಿ” ಎಂದು ಕೂಗಿ ಹೋಗುತ್ತಿದ್ದ. ಶಿವಕಿರಣ ನಗುತ್ತಿದ್ದ. ನಗಲು ಬೇಕಾದಷ್ಟು ಎಚ್ಚರವಿದ್ದರೆ.

ಎರಡನೇ ಸೋಮವಾರ ಬಂತು. ಶೆಡ್ಡಿನ ತುಂಬ ಪತ್ರೆಯ ಗೋಣಿಗಳು. ನಾರಾಯಣಮ್ಮ ಎಂದಿನ ಜಾಗದಲ್ಲಿ ಕೂತು ಮೊದಲ ಸ್ಟಿಕ್ಕರನ್ನು ಬೆಳಕಿಗೆ ಹಿಡಿದರು. ಸೋಮವಾರ, ಬಿಲ್ವಪತ್ರೆ. ಅದನ್ನು ಮೊದಲ ಪೊಟ್ಟಣಕ್ಕೆ ಅಂಟಿಸಿದರು. ಕೈಗಳು ಓಡತೊಡಗಿದವು. ಶಿವಕಿರಣ ಸ್ವಲ್ಪ ಹೊತ್ತು ನಿಂತ. ಆಮೇಲೆ ಒಂದು ಗೋಣಿಗೆ ಒರಗಿದ. ಪತ್ರೆಯ ಹಸಿ ವಾಸನೆ ತಣ್ಣಗಿತ್ತು, ಗೋಣಿ ಅವನ ಹಾಸಿಗೆಗಿಂತ ಮೆತ್ತಗಿತ್ತು. ಇಲ್ಲೇ ಒಂದು ನಿಮಿಷ ಅಂದುಕೊಂಡ.

ಅವನಿಗೆ ಮತ್ತೆ ಎಚ್ಚರವಾದದ್ದು ಮಾತು ಕಿವಿಗೆ ಬಿದ್ದಾಗ. ಶೆಡ್ಡಿನ ಬಾಗಿಲಲ್ಲಿ ಬಿಸಿಲು ಬಿದ್ದಿರುವುದು ಮುಚ್ಚಿದ ರೆಪ್ಪೆಯ ಮೇಲೇ ತಿಳಿಯುತ್ತಿತ್ತು. ಕೈಲಾಸನ ಧ್ವನಿ. ಶ್ರಾವಣ ಸೋಮವಾರವೆಂದು ಜೀವನದಲ್ಲಿ ಮೊದಲ ಸಲ ಬೇಗ ಬಂದಿದ್ದ.

“ಇದೇನ್ರೀ ಇದು? ಡ್ಯೂಟಿ ಮಾಡು ಅಂತ ಕಳಿಸಿದ್ರೆ ಗೊರಕೆ ಹೊಡೀತಿದ್ದಾನೆ!”

“ಮೆತ್ತಗೆ ಮಾತಾಡಿ” ಎಂದರು ನಾರಾಯಣಮ್ಮ. “ಪೊಟ್ಟಣ ಎಲ್ಲ ಹೋಯ್ತು. ಒಂದೂ ದೂರು ಬಂದಿಲ್ಲ. ಮಷಿನ್ ಸರಿಯಾಗಿದ್ರೆ ಈವಯ್ಯ ಮಾಡ್ಬೇಕಾಗಿರೋ ಕೆಲ್ಸ ಇನ್ನೇನೈತೆ? ಡ್ಯೂಟಿನೇ ಮಾಡ್ತಾವ್ನೆ.”

ಕೈಲಾಸ್ ಧ್ವನಿ ಇಳಿಸಿದ. “ಟೀ ಉಳಿದಿದೆಯಾ?” ಎಂದು ಪಿಸುಗುಟ್ಟಿದ.

ಶಿವಕಿರಣನಿಗೆ ಪೂರ್ತಿ ಎಚ್ಚರವಾಗಿತ್ತು. ಕಣ್ಣು ಬಿಡಲಿಲ್ಲ. ಮಗ್ಗುಲು ಬದಲಿಸಿದ.